ಮಜ್ಜೆಯಲ್ಲಿ ಹುಟ್ಟುವ ಕಾವಲು: ಬಿ ಕೋಶ ಬೆಳೆಯುವ ಬಗೆ

ಬಿ ಕೋಶವೆಂಬುದು ಬಿಳಿ ರಕ್ತಕಣಗಳಲ್ಲಿ ಒಂದು ಬಗೆ. ದೇಹದೊಳಕ್ಕೆ ನುಗ್ಗಿದ ವೈರಾಣು, ಬ್ಯಾಕ್ಟೀರಿಯ ಅಥವಾ ವಿಷವನ್ನು ಗುರುತು ಹಿಡಿದು ಅದಕ್ಕೆ ಅಂಟಿಕೊಳ್ಳುವ ಪ್ರೋಟೀನಿಗೆ ಪ್ರತಿಕಾಯವೆಂದು ಹೆಸರು. ಈ ಪ್ರತಿಕಾಯವನ್ನು ತಯಾರಿಸುವ ಕೆಲಸ ಬಿ ಕೋಶದ ವಂಶಕ್ಕೆ ಮಾತ್ರ ಸೇರಿದ್ದು. ದೇಹದ ಬೇರಾವ ಕೋಶಕ್ಕೂ ಅದು ಬಾರದು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂಸಿಗೆ ಹಾಕುವ ಲಸಿಕೆ, ಗರ್ಭಿಣಿಗೆ ಕೊಡುವ ಧನುರ್ವಾಯು ಚುಚ್ಚುಮದ್ದು, ತೊಗರಿ ಹೊಲದಲ್ಲಿ ಹಾವು ಕಚ್ಚಿದವರಿಗೆ ಕೊಡುವ ವಿಷನಿರೋಧಕ ಔಷಧ, ಈ ಮೂರರ ಹಿಂದೆಯೂ ಇರುವುದು ಬಿ ಕೋಶವೇ. ಮೊದಲೆರಡು ಮನುಷ್ಯನ ಬಿ ಕೋಶಗಳನ್ನು ಎಚ್ಚರಿಸುತ್ತವೆ. ಮೂರನೆಯದು ಕುದುರೆಯ ಬಿ ಕೋಶಗಳು ತಯಾರಿಸಿಟ್ಟ ಪ್ರತಿಕಾಯವನ್ನು ನೇರವಾಗಿ ರಕ್ತಕ್ಕೆ ಸೇರಿಸುತ್ತದೆ.

ಬಿ ಕೋಶ ಹುಟ್ಟುವುದು ಮೂಳೆಯ ಒಳಗಿನ ಮೆತ್ತನೆಯ ಅಸ್ಥಿಮಜ್ಜೆಯಲ್ಲಿ. ಅಲ್ಲಿ ನಡೆಯುವುದರ ಬಗ್ಗೆ ವಿಜ್ಞಾನಕ್ಕೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಪ್ರಯೋಗಾಲಯದ ಇಲಿಯಿಂದ ಬಂದದ್ದು. ಇದಕ್ಕೆ ಕಾರಣಗಳಿವೆ. ತಲೆಮಾರುಗಳ ಕಾಲ ಒಳಸಂಬಂಧದಲ್ಲೇ ಬೆಳೆಸಿದ ಇಲಿಗಳು ಆನುವಂಶಿಕವಾಗಿ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಒಂದರ ಮಜ್ಜೆಯನ್ನು ಇನ್ನೊಂದಕ್ಕೆ ತೊಂದರೆಯಿಲ್ಲದೆ ಹಾಕಬಹುದು. ಬೇಕಾದ ವಂಶವಾಹಿಯೊಂದನ್ನು ತೆಗೆದು, ಅದಿಲ್ಲದಿದ್ದರೆ ಏನು ಕೆಡುತ್ತದೆಂದು ನೋಡಬಹುದು. ವಯಸ್ಕ ಮನುಷ್ಯನಲ್ಲಿ ರಕ್ತ ಹುಟ್ಟಿಸುವ ಮಜ್ಜೆ ಬಹುಮಟ್ಟಿಗೆ ಬೆನ್ನೆಲುಬು, ಸೊಂಟ, ಎದೆಮೂಳೆ, ಪಕ್ಕೆಲುಬುಗಳಿಗೆ ಸೀಮಿತವಾಗುತ್ತದೆ. ಇಲಿಯಲ್ಲಾದರೋ ಕಾಲಿನ ಉದ್ದ ಮೂಳೆಗಳಲ್ಲೂ ಜೀವನಪೂರ್ತಿ ಚಟುವಟಿಕೆಯಿಂದ ಇರುತ್ತದೆ. ಕೆಲವು ವ್ಯತ್ಯಾಸಗಳನ್ನು ಬಿಟ್ಟರೆ ಇಲಿಯ ಬಿ ಕೋಶ ಹಿಡಿಯುವ ದಾರಿಯನ್ನೇ ಮನುಷ್ಯನ ಬಿ ಕೋಶವೂ ಹಿಡಿಯುತ್ತದೆ.

ಮಜ್ಜೆಯೇ ಮೂಲವೆಂದು ತಿಳಿದದ್ದು

ರಕ್ತದಲ್ಲಿ ರೋಗವಿಷವನ್ನು ತಡೆಯುವ ವಸ್ತುವಿದೆ ಎಂದು 1890ರಲ್ಲಿ ಜರ್ಮನಿಯ ಎಮಿಲ್ ಫಾನ್ ಬೇರಿಂಗ್ ಮತ್ತು ಜಪಾನಿನ ಶಿಬಾಸಾಬುರೋ ಕಿಟಾಸಾಟೊ ತೋರಿಸಿದರು. ಆ ವಸ್ತುವನ್ನು ತಯಾರಿಸುವ ಕೋಶ ಎಲ್ಲಿ ಹುಟ್ಟುತ್ತದೆಂಬುದು ತಿಳಿಯಲು ಮತ್ತೆ ಆರು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು. ಮೊದಲ ಸುಳಿವು ಸಿಕ್ಕಿದ್ದು ಕೋಳಿಯಿಂದ. ಹಕ್ಕಿಗಳ ಗುದದ ಬಳಿ ಬರ್ಸಾ ಎಂಬ ಸಣ್ಣ ಚೀಲವಿರುತ್ತದೆ. ಮರಿಯಾಗಿದ್ದಾಗಲೇ ಅದನ್ನು ತೆಗೆದುಹಾಕಿದ ಕೋಳಿಗಳು ಪ್ರತಿಕಾಯ ತಯಾರಿಸಲಾರವೆಂದು ಅಮೆರಿಕದ ಬ್ರೂಸ್ ಗ್ಲಿಕ್ ಮತ್ತು ಸಂಗಡಿಗರು 1956ರಲ್ಲಿ ವರದಿ ಮಾಡಿದರು. 1965ರಲ್ಲಿ ಮ್ಯಾಕ್ಸ್ ಕೂಪರ್ ಮತ್ತು ರಾಬರ್ಟ್ ಗುಡ್ ಇದನ್ನು ಮುಂದುವರಿಸಿ, ರೋಗನಿರೋಧಕ ಕೋಶಗಳಲ್ಲಿ ಎರಡು ಬೇರೆ ಬೇರೆ ಕವಲುಗಳಿವೆ ಎಂದು ತೋರಿಸಿದರು: ಥೈಮಸ್ ಗ್ರಂಥಿಯನ್ನು ಅವಲಂಬಿಸಿದ ಟಿ ಕೋಶಗಳು ಒಂದು, ಬರ್ಸಾವನ್ನು ಅವಲಂಬಿಸಿದ ಬಿ ಕೋಶಗಳು ಇನ್ನೊಂದು.

ಸಸ್ತನಿಗಳಿಗೆ ಬರ್ಸಾ ಇಲ್ಲ. ಹಾಗಾದರೆ ಅವುಗಳ ಬಿ ಕೋಶ ಹುಟ್ಟುವುದೆಲ್ಲಿ? 1970ರ ದಶಕದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳು ಉತ್ತರ ಕೊಟ್ಟವು. ಭ್ರೂಣದಲ್ಲಿ ಬಿ ಕೋಶಗಳು ಯಕೃತ್ತಿನಲ್ಲಿ ಹುಟ್ಟುತ್ತವೆ. ಹುಟ್ಟಿದ ನಂತರ ಆ ಕೆಲಸ ಅಸ್ಥಿಮಜ್ಜೆಗೆ ವರ್ಗವಾಗುತ್ತದೆ, ವಯಸ್ಕ ಪ್ರಾಣಿಯಲ್ಲಿ ಅಲ್ಲಿಯೇ ನಿಲ್ಲುತ್ತದೆ.

ಆಕರಕೋಶದಿಂದ ಬಿ ಕೋಶದ ಹಾದಿಗೆ

ರಕ್ತದ ಎಲ್ಲ ಬಗೆಯ ಕಣಗಳಿಗೂ ಮೂಲ ಮಜ್ಜೆಯಲ್ಲಿರುವ ಆಕರಕೋಶ. ಅದು ಒಡೆದು ಎರಡಾದಾಗ ಒಂದು ಆಕರಕೋಶವಾಗಿಯೇ ಉಳಿಯಬಹುದು, ಇನ್ನೊಂದು ಬೆಳವಣಿಗೆಯ ಹಾದಿ ಹಿಡಿಯಬಹುದು. ಹಾದಿಯ ಪ್ರತಿ ತಿರುವಿನಲ್ಲೂ ಕೋಶದ ಆಯ್ಕೆಗಳು ಕಡಿಮೆಯಾಗುತ್ತ ಹೋಗುತ್ತವೆ. ಮೊದಲಿಗೆ ಕೆಂಪು ರಕ್ತಕಣವಾಗುವ ಸಾಧ್ಯತೆ ತಪ್ಪುತ್ತದೆ, ಅನಂತರ ಬ್ಯಾಕ್ಟೀರಿಯ ನುಂಗುವ ಕಣವಾಗುವ ಸಾಧ್ಯತೆಯೂ ಹೋಗುತ್ತದೆ. ಕೊನೆಗೆ ಉಳಿಯುವುದು ಬಿ, ಟಿ ಮತ್ತು ಅವುಗಳ ನಂಟಿನ ಕೆಲವೇ ಬಗೆಗಳ ದಾರಿ.

ಈ ಹಂತದಲ್ಲಿ ಕೋಶ ಒಂಟಿಯಾಗಿ ಬೆಳೆಯಲಾರದು. ಮಜ್ಜೆಯ ಆಧಾರಕೋಶಗಳು ಅದನ್ನು ಪೋಷಿಸುತ್ತವೆ. ಅವು ಹೊರಸೂಸುವ ಸಿಎಕ್ಸ್‌ಸಿಎಲ್ 12 ಎಂಬ ಪ್ರೋಟೀನು ಎಳೆಯ ಕೋಶಗಳನ್ನು ಸೆಳೆದು ಮಜ್ಜೆಯಲ್ಲೇ ಹಿಡಿದಿಡುತ್ತದೆ. ಇಂಟರ್‌ಲ್ಯೂಕಿನ್-7 ಎಂಬ ಇನ್ನೊಂದು ಪ್ರೋಟೀನು ಅವು ಬದುಕಿ ಒಡೆಯುವಂತೆ ಪ್ರಚೋದಿಸುತ್ತದೆ. ಇಲಿಗೂ ಮನುಷ್ಯನಿಗೂ ಇರುವ ಮುಖ್ಯ ವ್ಯತ್ಯಾಸಗಳಲ್ಲಿ ಒಂದು ಇಲ್ಲಿದೆ: ಇಂಟರ್‌ಲ್ಯೂಕಿನ್-7ರ ಸಂದೇಶ ತಲುಪದ ವಯಸ್ಕ ಇಲಿಯಲ್ಲಿ ಬಿ ಕೋಶಗಳ ಉತ್ಪಾದನೆ ಬಹುತೇಕ ನಿಂತುಹೋಗುತ್ತದೆ, ಅದೇ ದೋಷವಿರುವ ಮಗುವಿನಲ್ಲಿ ಟಿ ಕೋಶಗಳು ಇಲ್ಲದೆ ಹೋದರೂ ಬಿ ಕೋಶಗಳು ಹುಟ್ಟುತ್ತವೆ.

ಹೊರಗಿನ ಪೋಷಣೆಯ ಜೊತೆಗೆ ಕೋಶದೊಳಗಿನ ನಿಯಂತ್ರಕ ಪ್ರೋಟೀನುಗಳೂ ಬೇಕು. ಇ2ಎ ಮತ್ತು ಇಬಿಎಫ್1 ಎಂಬ ಪ್ರೋಟೀನುಗಳು ಬಿ ಕೋಶಕ್ಕೆ ಬೇಕಾದ ವಂಶವಾಹಿಗಳನ್ನು ಚಾಲೂ ಮಾಡುತ್ತವೆ. ಪ್ಯಾಕ್ಸ್5 ಎಂಬುದು ಆ ನಿರ್ಧಾರವನ್ನು ಗಟ್ಟಿಮಾಡುತ್ತದೆ. 1999ರಲ್ಲಿ ವಿಯೆನ್ನಾದ ಮೈನ್‌ರಾಡ್ ಬುಸ್ಲಿಂಗರ್ ಅವರ ತಂಡ ಪ್ಯಾಕ್ಸ್5 ಇಲ್ಲದ ಇಲಿಯ ಎಳೆಯ ಬಿ ಕೋಶಗಳನ್ನು ಪರೀಕ್ಷಿಸಿದಾಗ, ಅವು ದಾರಿ ಬದಲಿಸಿ ಬೇರೆ ಬಗೆಯ ರಕ್ತಕಣಗಳಾಗಬಲ್ಲವೆಂದು ಕಂಡುಬಂತು. ಕೋಶವೊಂದು ಬಿ ಕೋಶವಾಗಬೇಕಾದರೆ ಬೇರೆಲ್ಲ ದಾರಿಗಳನ್ನೂ ಮುಚ್ಚಬೇಕು. ಪ್ಯಾಕ್ಸ್5 ಮಾಡುವುದು ಆ ಕೆಲಸವನ್ನು.

ವಂಶವಾಹಿಯನ್ನು ಕತ್ತರಿಸಿ ಜೋಡಿಸುವುದು

ಜಗತ್ತಿನಲ್ಲಿರುವ ರೋಗಾಣುಗಳ ಬಗೆ ಲೆಕ್ಕವಿಲ್ಲದಷ್ಟು; ಹೊಸವು ಹುಟ್ಟುತ್ತಲೇ ಇರುತ್ತವೆ. ಇಲಿಯ ದೇಹದಲ್ಲಿರುವ ವಂಶವಾಹಿಗಳಾದರೋ ಇಪ್ಪತ್ತು ಸಾವಿರದ ಆಸುಪಾಸು. ಒಂದೊಂದು ಪ್ರತಿಕಾಯಕ್ಕೂ ಒಂದೊಂದು ವಂಶವಾಹಿ ಇರಬೇಕೆಂದರೆ ಜಾಗ ಸಾಲದು. ಈ ಒಗಟನ್ನು ಬಿಡಿಸಿದವರು ಜಪಾನಿನ ಸುಸುಮು ಟೊನೆಗಾವಾ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕೆಲಸ ಮಾಡುತ್ತಿದ್ದ ಅವರು ನೊಬುಮಿಚಿ ಹೊಜುಮಿ ಜೊತೆ ಇಲಿಯ ಭ್ರೂಣದ ಡಿಎನ್‌ಎಯನ್ನೂ ಪ್ರತಿಕಾಯ ತಯಾರಿಸುವ ಗೆಡ್ಡೆಯ ಕೋಶದ ಡಿಎನ್‌ಎಯನ್ನೂ ಹೋಲಿಸಿದರು. ಭ್ರೂಣದಲ್ಲಿ ದೂರ ದೂರ ಇದ್ದ ತುಣುಕುಗಳು ಪ್ರತಿಕಾಯ ತಯಾರಿಸುವ ಕೋಶದಲ್ಲಿ ಅಕ್ಕಪಕ್ಕ ಬಂದಿದ್ದವು. ವಂಶವಾಹಿಯೇ ಕತ್ತರಿಸಿ ಜೋಡಣೆಯಾಗುತ್ತದೆಂಬ ಈ ಶೋಧ ಪ್ರಕಟವಾದದ್ದು 1976ರಲ್ಲಿ. 1987ರ ನೊಬೆಲ್ ಪ್ರಶಸ್ತಿ ಟೊನೆಗಾವಾ ಅವರಿಗೆ ಸಂದಿತು.

ಪ್ರತಿಕಾಯದ ಒಂದು ಅಣುವಿನಲ್ಲಿ ಎರಡು ಭಾರ ಸರಪಳಿ, ಎರಡು ಹಗುರ ಸರಪಳಿ ಇರುತ್ತವೆ. ರೋಗಾಣುವನ್ನು ಹಿಡಿಯುವ ತುದಿ ಇವೆರಡೂ ಕೂಡಿ ಆಗುವಂಥದು. ಇಲಿಯಲ್ಲಿ ಭಾರ ಸರಪಳಿಯ ತುಣುಕುಗಳು 12ನೇ ವರ್ಣತಂತುವಿನ ಮೇಲಿವೆ. ವಿ, ಡಿ, ಜೆ ಎಂದು ಅವುಗಳಲ್ಲಿ ಮೂರು ಗುಂಪು. ಬಳಕೆಗೆ ಬರುವ ವಿ ತುಣುಕುಗಳು ನೂರರ ಆಸುಪಾಸು, ಡಿ ಹತ್ತಕ್ಕೂ ತುಸು ಹೆಚ್ಚು, ಜೆ ನಾಲ್ಕು. ಬೆಳೆಯುತ್ತಿರುವ ಪ್ರತಿಯೊಂದು ಕೋಶವೂ ಮೊದಲು ಒಂದು ಡಿಯನ್ನು ಒಂದು ಜೆಗೆ ಜೋಡಿಸುತ್ತದೆ, ಆಮೇಲೆ ಒಂದು ವಿಯನ್ನು ಅದಕ್ಕೆ ಸೇರಿಸುತ್ತದೆ. ಯಾವ ತುಣುಕು ಯಾವುದಕ್ಕೆ ಸೇರಬೇಕೆಂಬ ಮುನ್ಸೂಚನೆ ಇರುವುದಿಲ್ಲ. ಊರಿನಲ್ಲಿ ಹರಡಿರುವ ಜ್ವರ ಯಾವುದೆಂಬುದು ಆ ಕೋಶಕ್ಕೆ ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲ.

ಕತ್ತರಿಸುವ ಕೆಲಸ ರ್‍ಯಾಗ್1 ಮತ್ತು ರ್‍ಯಾಗ್2 ಎಂಬ ಪ್ರೋಟೀನುಗಳದ್ದು. ಇವುಗಳ ವಂಶವಾಹಿಗಳನ್ನು 1989 ಮತ್ತು 1990ರಲ್ಲಿ ಡೇವಿಡ್ ಬಾಲ್ಟಿಮೋರ್ ಅವರ ಪ್ರಯೋಗಾಲಯದಲ್ಲಿ ಡೇವಿಡ್ ಶಾಟ್ಜ್ ಮತ್ತು ಮಾರ್ಜೊರಿ ಓಟಿಂಗರ್ ಗುರುತಿಸಿದರು. ಎರಡರಲ್ಲಿ ಒಂದನ್ನು ತೆಗೆದರೂ ಸಾಕು, ಅಂಥ ಇಲಿಯಲ್ಲಿ ಬಲಿತ ಬಿ ಕೋಶವಾಗಲಿ ಟಿ ಕೋಶವಾಗಲಿ ಒಂದೂ ಇರುವುದಿಲ್ಲ. ಕತ್ತರಿಸಿದ ತುದಿಗಳನ್ನು ಕೂಡಿಸುವಾಗ ಟಿಡಿಟಿ ಎಂಬ ಕಿಣ್ವ ಡಿಎನ್‌ಎಯ ಕೆಲವು ಹೊಸ ಅಕ್ಷರಗಳನ್ನು ತೋಚಿದಂತೆ ಸೇರಿಸುತ್ತದೆ. ತಂದೆಯಿಂದಲೂ ತಾಯಿಯಿಂದಲೂ ಬಾರದ ಈ ಅಕ್ಷರಗಳಿಂದ ವೈವಿಧ್ಯ ಹಲವು ಪಟ್ಟು ಹೆಚ್ಚುತ್ತದೆ. ಇಲಿಯ ಭ್ರೂಣದಲ್ಲಿ ಈ ಕಿಣ್ವ ಕೆಲಸ ಮಾಡುವುದಿಲ್ಲ. ಆದ್ದರಿಂದ ವಯಸ್ಕ ಇಲಿಯ ಮಜ್ಜೆಯಲ್ಲಿ ಹುಟ್ಟಿದ ಬಿ ಕೋಶಗಳಲ್ಲಿರುವಷ್ಟು ವೈವಿಧ್ಯ ಭ್ರೂಣದ ಬಿ ಕೋಶಗಳಲ್ಲಿ ಇರುವುದಿಲ್ಲ.

ಈ ಸ್ವಾತಂತ್ರ್ಯಕ್ಕೆ ಬೆಲೆಯೂ ಇದೆ. ಡಿಎನ್‌ಎಯ ಅಕ್ಷರಗಳನ್ನು ಕೋಶ ಮೂರು ಮೂರಾಗಿ ಓದುತ್ತದೆ. ತೋಚಿದಂತೆ ಜೋಡಿಸಿದಾಗ ಮೂರರಲ್ಲಿ ಎರಡು ಸಲ ಈ ಓದು ತಪ್ಪಿ, ಪ್ರೋಟೀನು ಸರಿಯಾಗಿ ಹುಟ್ಟುವುದಿಲ್ಲ. ಒಂದು ವರ್ಣತಂತುವಿನಲ್ಲಿ ಸೋತರೆ ಅದರ ಜೊತೆಗಾರ ವರ್ಣತಂತುವಿನಲ್ಲಿ ಇನ್ನೊಂದು ಅವಕಾಶವಿದೆ. ಅಲ್ಲಿಯೂ ಸೋತ ಕೋಶ ಸಾಯುತ್ತದೆ.

ಮೊದಲ ಪರೀಕ್ಷೆ: ಸರಪಳಿ ಸರಿಯಿದೆಯೇ?

ಭಾರ ಸರಪಳಿ ತಯಾರಾದ ಕೂಡಲೇ ಕೋಶ ಅದನ್ನು ಪರೀಕ್ಷೆಗೆ ಒಡ್ಡುತ್ತದೆ. ಹಗುರ ಸರಪಳಿ ಇನ್ನೂ ಹುಟ್ಟಿಲ್ಲವಾದ್ದರಿಂದ ಅದರ ಜಾಗದಲ್ಲಿ ತಾತ್ಕಾಲಿಕ ಸರಪಳಿಯೊಂದು ಬಂದು ಸೇರುತ್ತದೆ. ಎರಡೂ ಕೂಡಿ ಕೋಶದ ಹೊರಪೊರೆಯಲ್ಲಿ ನಿಂತರೆ ಒಳಕ್ಕೆ ಸಂದೇಶ ಹೋಗುತ್ತದೆ. ಆ ಸಂದೇಶದಿಂದ ಮೂರು ಕೆಲಸಗಳು ನಡೆಯುತ್ತವೆ: ಕೋಶ ಬದುಕುತ್ತದೆ, ಇನ್ನೊಂದು ವರ್ಣತಂತುವಿನ ಭಾರ ಸರಪಳಿಯ ಜೋಡಣೆ ನಿಲ್ಲುತ್ತದೆ, ಕೋಶ ಐದಾರು ಬಾರಿ ಒಡೆದು, ಗೆದ್ದ ಸರಪಳಿಯನ್ನು ಹೊತ್ತ ಹತ್ತಾರು ಕೋಶಗಳಾಗುತ್ತದೆ. ಒಂದು ಬಿ ಕೋಶಕ್ಕೆ ಒಂದೇ ಬಗೆಯ ಪ್ರತಿಕಾಯ ಎಂಬ ನಿಯಮಕ್ಕೆ ಬುನಾದಿ ಇಲ್ಲಿಯೇ ಬೀಳುತ್ತದೆ. ಭಾರ ಸರಪಳಿ ಹೊರಪೊರೆಗೆ ತಲುಪದಂತೆ ಮಾಡಿದ ಇಲಿಯೊಂದನ್ನು 1991ರಲ್ಲಿ ಜರ್ಮನಿಯ ಕ್ಲೌಸ್ ರಾಯೆವ್ಸ್ಕಿ ಅವರ ತಂಡ ಸೃಷ್ಟಿಸಿತು. ಅದರಲ್ಲಿ ಬಿ ಕೋಶಗಳ ಬೆಳವಣಿಗೆ ಈ ಹಂತದಲ್ಲೇ ನಿಂತಿತು.

ಮನುಷ್ಯರಲ್ಲಿ ಇದೇ ಪರೀಕ್ಷೆ ಕೆಟ್ಟಾಗ ಏನಾಗುತ್ತದೆಂಬುದಕ್ಕೆ ಉದಾಹರಣೆ ಅದಕ್ಕೂ ಮೊದಲೇ ದೊರೆತಿತ್ತು. ಪದೇ ಪದೇ ಸೋಂಕಿಗೆ ತುತ್ತಾಗುತ್ತಿದ್ದ ಬಾಲಕನೊಬ್ಬನ ರಕ್ತದಲ್ಲಿ ಪ್ರತಿಕಾಯಗಳೇ ಇಲ್ಲವೆಂದು ಅಮೆರಿಕದ ವೈದ್ಯ ಆಗ್ಡನ್ ಬ್ರೂಟನ್ 1952ರಲ್ಲಿ ವಿವರಿಸಿದ್ದರು. ಹೊರಪೊರೆಯ ಸಂದೇಶವನ್ನು ಒಳಕ್ಕೆ ಸಾಗಿಸುವ ಬಿಟಿಕೆ ಎಂಬ ಕಿಣ್ವದ ದೋಷವೇ ಈ ರೋಗಕ್ಕೆ ಕಾರಣವೆಂದು 1993ರಲ್ಲಿ ಗೊತ್ತಾಯಿತು. ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿರುವುದರಿಂದ ರೋಗ ಕಾಣಿಸಿಕೊಳ್ಳುವುದು ಬಹುಪಾಲು ಗಂಡುಮಕ್ಕಳಲ್ಲಿ. ಅವರಿಗೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯವನ್ನು ನಿಯಮಿತವಾಗಿ ಕೊಡುತ್ತಿದ್ದರೆ ಸೋಂಕುಗಳನ್ನು ದೂರವಿಡಬಹುದು.

ಎರಡನೇ ಪರೀಕ್ಷೆ: ತನ್ನವರನ್ನೇ ಹಿಡಿಯುತ್ತದೆಯೇ?

ಒಡೆಯುವುದು ನಿಂತ ಮೇಲೆ ಕೋಶ ಹಗುರ ಸರಪಳಿಯ ಕಡೆಗೆ ತಿರುಗುತ್ತದೆ. ಇಲ್ಲಿ ವಿ ಮತ್ತು ಜೆ ಎಂಬ ಎರಡೇ ಗುಂಪು. ಹಗುರ ಸರಪಳಿಯಲ್ಲಿ ಕಪ್ಪಾ, ಲ್ಯಾಂಬ್ಡಾ ಎಂದು ಎರಡು ಬಗೆ. ಇಲಿಯ ಬಿ ಕೋಶಗಳಲ್ಲಿ ಶೇಕಡಾ 95ರಷ್ಟು ಕಪ್ಪಾವನ್ನೇ ಬಳಸುತ್ತವೆ. ಮನುಷ್ಯರಲ್ಲಿ ಕಪ್ಪಾದ ಪಾಲು ಸುಮಾರು ಶೇಕಡಾ 60. ಹಗುರ ಸರಪಳಿ ಸರಿಯಾಗಿ ಕೂಡಿಕೊಂಡರೆ ಐಜಿಎಂ ಎಂಬ ಪೂರ್ಣ ಪ್ರತಿಕಾಯವೇ ಗ್ರಾಹಕವಾಗಿ ಹೊರಪೊರೆಯಲ್ಲಿ ಕಾಣಿಸಿಕೊಳ್ಳುತ್ತದೆ. ಆಗ ಅದು ಅಪಕ್ವ ಬಿ ಕೋಶ.

ತೋಚಿದಂತೆ ತಯಾರಾದ ಗ್ರಾಹಕ ರೋಗಾಣುವನ್ನೇ ಹಿಡಿಯಬೇಕೆಂದೇನೂ ಇಲ್ಲ. ದೇಹದ ಸ್ವಂತ ಕೋಶವನ್ನೋ ಸ್ವಂತ ಡಿಎನ್‌ಎಯನ್ನೋ ಹಿಡಿಯಬಹುದು. ಅಂಥ ಕೋಶ ಹೊರಗೆ ಬಂದರೆ ಅಪಾಯ. ಆದ್ದರಿಂದ ಎರಡನೆಯ ಪರೀಕ್ಷೆ ಮಜ್ಜೆಯೊಳಗೇ ನಡೆಯುತ್ತದೆ. ಸುತ್ತಮುತ್ತಲಿನ ಸ್ವಂತ ಅಣುಗಳಿಗೆ ಬಲವಾಗಿ ಅಂಟಿದ ಕೋಶಕ್ಕೆ ಮೊದಲು ತಿದ್ದಿಕೊಳ್ಳುವ ಅವಕಾಶ ಸಿಗುತ್ತದೆ. ರ್‍ಯಾಗ್ ಪ್ರೋಟೀನುಗಳು ಮತ್ತೆ ಕೆಲಸಕ್ಕೆ ಇಳಿದು ಹೊಸ ಹಗುರ ಸರಪಳಿಯನ್ನು ಜೋಡಿಸುತ್ತವೆ. ಗ್ರಾಹಕದ ಈ ತಿದ್ದುಪಡಿಯನ್ನು ಇಲಿಗಳಲ್ಲಿ 1993ರಲ್ಲಿ ತೋರಿಸಲಾಯಿತು. ತಿದ್ದಿದರೂ ಸರಿಹೋಗದ ಕೋಶ ಸಾಯುತ್ತದೆ. ಸ್ವಂತ ಅಣುವಿಗೆ ಸಡಿಲವಾಗಿ ಅಂಟುವ ಕೋಶಗಳು ಸಾಯದೆ ಹೊರಬಂದರೂ ಪ್ರಚೋದನೆಗೆ ಸ್ಪಂದಿಸದೆ ಮಂಕಾಗಿರುತ್ತವೆ. ಕ್ರಿಸ್ ಗುಡ್‌ನೌ 1988ರಲ್ಲಿ ಇಲಿಗಳಲ್ಲಿ ಇದನ್ನು ಕಂಡರು. ಈ ಜರಡಿಯನ್ನು ದಾಟಿ ಉಳಿದ ತಪ್ಪು ಕೋಶಗಳೇ ಲೂಪಸ್‌ನಂಥ ರೋಗಗಳಲ್ಲಿ ದೇಹದ ಮೇಲೇ ತಿರುಗಿ ಬೀಳುತ್ತವೆ.

ಮಜ್ಜೆಯಿಂದ ಗುಲ್ಮಕ್ಕೆ

ವಯಸ್ಕ ಇಲಿಯೊಂದರ ಮಜ್ಜೆಯಲ್ಲಿ ದಿನಕ್ಕೆ ಒಂದು ಕೋಟಿಗೂ ಮಿಕ್ಕಿ ಅಪಕ್ವ ಬಿ ಕೋಶಗಳು ಹುಟ್ಟುತ್ತವೆ. ಗುಲ್ಮವನ್ನು ತಲುಪುವುದು ಸುಮಾರು ಹತ್ತನೆಯ ಒಂದು ಪಾಲು. ಬಲಿತು ದೀರ್ಘಕಾಲ ಬದುಕುವವು ಅದರಲ್ಲೂ ಸ್ವಲ್ಪವೇ. ಗುಲ್ಮದಲ್ಲಿ ಬದುಕಲು ಬ್ಯಾಫ್ ಎಂಬ ಪೋಷಕ ಪ್ರೋಟೀನು ಬೇಕು. ಅದರ ಪ್ರಮಾಣ ಮಿತವಾಗಿರುವುದರಿಂದ ಕೋಶಗಳ ನಡುವೆ ಪೈಪೋಟಿ ಏರ್ಪಡುತ್ತದೆ.

ಗೆದ್ದವು ಎರಡು ಬಗೆಯಾಗುತ್ತವೆ. ಹೆಚ್ಚಿನವು ರಕ್ತ, ಗುಲ್ಮ, ದುಗ್ಧಗ್ರಂಥಿಗಳ ನಡುವೆ ಓಡಾಡುತ್ತ ರೋಗಾಣುವಿಗಾಗಿ ಕಾಯುತ್ತವೆ. ಸ್ವಲ್ಪ ಭಾಗ ಗುಲ್ಮದ ಅಂಚಿನಲ್ಲೇ ನೆಲೆ ನಿಂತು, ರಕ್ತದಲ್ಲಿ ಬರುವ ಬ್ಯಾಕ್ಟೀರಿಯಗಳಿಗೆ ಬೇಗನೆ ಉತ್ತರ ಕೊಡುತ್ತದೆ. ಅಪಘಾತದಲ್ಲೋ ಕಾಯಿಲೆಯಿಂದಲೋ ಗುಲ್ಮವನ್ನು ತೆಗೆಸಿಕೊಂಡವರಿಗೆ ನ್ಯುಮೋಕಾಕಸ್ ಲಸಿಕೆಯನ್ನು ವೈದ್ಯರು ಒತ್ತಾಯದಿಂದ ಹೇಳುವುದು ಈ ಕಾರಣಕ್ಕೂ ಹೌದು. ಇವೆರಡನ್ನು ಬಿಟ್ಟು ಬಿ-1 ಎಂಬ ಮೂರನೆಯ ಬಗೆಯೂ ಇಲಿಯಲ್ಲಿದೆ. ಅದು ಹುಟ್ಟುವುದು ಮುಖ್ಯವಾಗಿ ಭ್ರೂಣದ ಯಕೃತ್ತಿನಲ್ಲಿ. ಹೊಟ್ಟೆಯ ಒಳಪೊರೆಯ ಸಂದಿಯಲ್ಲಿ ನೆಲೆಸಿ ತನ್ನ ಸಂಖ್ಯೆಯನ್ನು ತಾನೇ ಕಾಪಾಡಿಕೊಳ್ಳುತ್ತದೆ. ವಯಸ್ಕ ಮಜ್ಜೆಯ ಆಸರೆ ಅದಕ್ಕೆ ಹೆಚ್ಚಾಗಿ ಬೇಕಿಲ್ಲ.

ಮತ್ತೆ ಮಜ್ಜೆಗೆ

ಲಸಿಕೆಯೋ ರೋಗಾಣುವೋ ದೇಹಕ್ಕೆ ಬಂದಾಗ ಅದಕ್ಕೆ ಹೊಂದುವ ಗ್ರಾಹಕವುಳ್ಳ ಕೋಶಗಳು ಮಾತ್ರ ಎಚ್ಚರಗೊಳ್ಳುತ್ತವೆ. ಟಿ ಕೋಶಗಳ ನೆರವಿನಿಂದ ಅವು ದುಗ್ಧಗ್ರಂಥಿಯಲ್ಲಿ ಬೇಗ ಬೇಗ ಒಡೆದು ಹೆಚ್ಚುತ್ತವೆ. ಒಡೆಯುತ್ತಿರುವಾಗಲೇ ತಮ್ಮ ಪ್ರತಿಕಾಯದ ವಂಶವಾಹಿಯಲ್ಲಿ ಸಣ್ಣ ಸಣ್ಣ ಬದಲಾವಣೆ ಮಾಡಿಕೊಳ್ಳುತ್ತವೆ. ಬದಲಾದವುಗಳಲ್ಲಿ ರೋಗಾಣುವನ್ನು ಇನ್ನೂ ಗಟ್ಟಿಯಾಗಿ ಹಿಡಿಯುವಂಥವು ಉಳಿಯುತ್ತವೆ. ಈ ಬದಲಾವಣೆಗೆ ಕಾರಣವಾದ ಎಐಡಿ ಎಂಬ ಕಿಣ್ವವನ್ನು ಗುರುತಿಸಿದ್ದು ಜಪಾನಿನ ತಸುಕು ಹೊಂಜೊ ಅವರ ತಂಡ. ಬೆಳೆಯಲ್ಲಿ ಒಳ್ಳೆಯ ತೆನೆಯನ್ನು ಆರಿಸಿ ಮುಂದಿನ ವರ್ಷದ ಬೀಜಕ್ಕೆ ಎತ್ತಿಡುವ ರೈತನ ಪದ್ಧತಿಯನ್ನು ಇದು ಹೋಲುತ್ತದೆ. ಆದರೆ ಇಲ್ಲಿ ಆಯ್ಕೆ ಕೆಲವೇ ವಾರಗಳಲ್ಲಿ ಮುಗಿಯುತ್ತದೆ.

ಆಯ್ಕೆಯಾದವುಗಳಲ್ಲಿ ಒಂದು ಭಾಗ ನೆನಪಿನ ಕೋಶಗಳಾಗಿ ಉಳಿಯುತ್ತದೆ. ಇನ್ನೊಂದು ಭಾಗ ಪ್ಲಾಸ್ಮಾ ಕೋಶಗಳಾಗಿ ಪ್ರತಿಕಾಯವನ್ನು ಹೊರಸೂಸತೊಡಗುತ್ತದೆ. ಅವುಗಳಲ್ಲಿ ಹಲವು ತಾವು ಹುಟ್ಟಿದ ಮಜ್ಜೆಗೇ ಹಿಂದಿರುಗುತ್ತವೆ. ಅಲ್ಲಿ ಬಹುಕಾಲ ಬದುಕಿ ಪ್ರತಿಕಾಯ ತಯಾರಿಸುತ್ತಲೇ ಇರುತ್ತವೆಂದು 1997 ಮತ್ತು 1998ರಲ್ಲಿ ಇಲಿಗಳ ಮೇಲೆ ನಡೆದ ಎರಡು ಅಧ್ಯಯನಗಳು ತೋರಿಸಿದವು. ಒಂದು ಬರ್ಲಿನ್ನಿನ ಆಂಡ್ರಿಯಾಸ್ ರಾಡ್‌ಬ್ರುಖ್ ಅವರ ತಂಡದ್ದು; ಇನ್ನೊಂದು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕದಲ್ಲಿ ನೆಲೆಸಿದ ರಫಿ ಅಹ್ಮದ್ ಅವರ ತಂಡದ್ದು. ಬಾಲ್ಯದಲ್ಲಿ ಹಾಕಿಸಿಕೊಂಡ ದಡಾರ ಲಸಿಕೆಯ ರಕ್ಷಣೆ ದಶಕಗಳ ಕಾಲ ಉಳಿಯುವುದರಲ್ಲಿ ಮಜ್ಜೆಯ ಈ ಕೋಶಗಳ ಪಾತ್ರ ದೊಡ್ಡದು.

ವಯಸ್ಸಾದಂತೆ ಇಲಿಯ ಮಜ್ಜೆಯಲ್ಲಿ ಹೊಸ ಬಿ ಕೋಶಗಳ ಉತ್ಪಾದನೆ ಇಳಿಯುತ್ತದೆ. ವಯಸ್ಸಾದವರ ದೇಹ ಹೊಸ ಲಸಿಕೆಗೆ ಯುವಕರಷ್ಟು ಚೆನ್ನಾಗಿ ಸ್ಪಂದಿಸದಿರುವುದಕ್ಕೆ ಇರುವ ಹಲವು ಕಾರಣಗಳಲ್ಲಿ ಇದೂ ಒಂದು.

ಬೆಳವಣಿಗೆ ದಾರಿ ತಪ್ಪಿದಾಗ

ಡಿಎನ್‌ಎಯನ್ನು ಕತ್ತರಿಸುವುದು, ಬೇಗ ಬೇಗ ಒಡೆಯುವುದು ಎರಡೂ ಅಪಾಯದ ಕೆಲಸಗಳೇ. ಎಳೆಯ ಹಂತದಲ್ಲಿ ಬೆಳವಣಿಗೆ ನಿಂತು ಒಡೆಯುವುದಷ್ಟೇ ಮುಂದುವರಿದರೆ ರಕ್ತದ ಕ್ಯಾನ್ಸರ್ ಹುಟ್ಟುತ್ತದೆ. ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಎಂದರೆ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಅದರಲ್ಲಿ ಬಹುಪಾಲು ಹುಟ್ಟುವುದು ಬಿ ಕೋಶದ ಎಳೆಯ ಹಂತಗಳಿಂದ. ಬಿಡದ ಜ್ವರ, ಬಿಳಿಚಿಕೊಳ್ಳುವುದು, ಮೂಳೆನೋವು, ಮೈಮೇಲೆ ಕಾರಣವಿಲ್ಲದೆ ಏಳುವ ರಕ್ತದ ಕಲೆಗಳು ಇದರ ಲಕ್ಷಣಗಳು. ಬೇಗ ಪತ್ತೆಯಾಗಿ ಚಿಕಿತ್ಸೆ ಪೂರ್ತಿಯಾದರೆ ಹೆಚ್ಚಿನ ಮಕ್ಕಳು ಗುಣಮುಖರಾಗುತ್ತಾರೆ. ಆದ್ದರಿಂದ ಲಕ್ಷಣಗಳು ಕಂಡ ಕೂಡಲೇ ರಕ್ತಪರೀಕ್ಷೆ ಮಾಡಿಸುವುದು ಮಗುವಿನ ಜೀವ ಉಳಿಸುವ ಕೆಲಸ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಕೇಂದ್ರವೊಂದು ಕಲಬುರಗಿಯಲ್ಲೂ ಇದೆ.

ಬಿ ಕೋಶ ಬೆಳೆಯುವ ಹಂತಗಳನ್ನು ಬಿಡಿಸಿ ನೋಡಿದ್ದರ ಫಲ ಚಿಕಿತ್ಸೆಗೂ ದೊರೆತಿದೆ. ಸಿಡಿ19 ಎಂಬ ಪ್ರೋಟೀನು ಎಳೆಯ ಹಂತದಿಂದ ಬಲಿತ ಹಂತದವರೆಗೂ ಬಿ ಕೋಶಗಳ ಮೇಲ್ಮೈಯಲ್ಲಿರುತ್ತದೆ, ರಕ್ತದ ಆಕರಕೋಶದ ಮೇಲೆ ಇರುವುದಿಲ್ಲ. ರೋಗಿಯದೇ ಟಿ ಕೋಶಗಳನ್ನು ಹೊರತೆಗೆದು, ಸಿಡಿ19ನ್ನು ಗುರುತಿಸುವಂತೆ ಬದಲಿಸಿ ಮರಳಿ ದೇಹಕ್ಕೆ ಸೇರಿಸುವ ಚಿಕಿತ್ಸೆಗೆ ಕಾರ್-ಟಿ ಎಂದು ಹೆಸರು. ಮುಂಬಯಿ ಐಐಟಿಯಲ್ಲಿ ರೂಪುಗೊಂಡ ಇಂಥ ಚಿಕಿತ್ಸೆಗೆ 2023ರಲ್ಲಿ ಭಾರತದಲ್ಲಿ ಅನುಮತಿ ಸಿಕ್ಕಿತು; ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯ ಚಿಕಿತ್ಸೆ 2025ರಲ್ಲಿ ಬಳಕೆಗೆ ಬಂತು. ಕ್ಯಾನ್ಸರ್ ಕೋಶಗಳ ಜೊತೆಗೆ ಆರೋಗ್ಯವಂತ ಬಿ ಕೋಶಗಳೂ ನಾಶವಾಗುತ್ತವೆ. ಆದರೆ ಆಕರಕೋಶ ಉಳಿದಿರುವುದರಿಂದ ಮಜ್ಜೆ ಮತ್ತೆ ಹೊಸ ಬಿ ಕೋಶಗಳನ್ನು ಹುಟ್ಟಿಸಬಲ್ಲದು.

ಬಯಲುಸೀಮೆಯ ಹಳ್ಳಿಗಳಲ್ಲಿ

ಭೀಮಾ ತೀರದ ಅಫಜಲಪುರ, ಜೇವರ್ಗಿಗಳಿಗೂ ಪಕ್ಕದ ಆಳಂದಕ್ಕೂ ಈ ತಿಳಿವಳಿಕೆಯಿಂದ ನೇರ ಪ್ರಯೋಜನವಿರುವುದು ಲಸಿಕೆಯಲ್ಲಿ. ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಪೆಂಟಾವ್ಯಾಲೆಂಟ್ ಲಸಿಕೆಯನ್ನು ಕೂಸಿಗೆ 6, 10 ಮತ್ತು 14 ವಾರಗಳಲ್ಲಿ ಕೊಡುತ್ತಾರೆ. ಒಂದೇ ಸಲಕ್ಕೆ ಮುಗಿಸದಿರುವುದಕ್ಕೆ ಕಾರಣ ಬಿ ಕೋಶದ ಸ್ವಭಾವ: ಮೊದಲ ಡೋಸು ಹೊಂದುವ ಕೋಶಗಳನ್ನು ಎಚ್ಚರಿಸುತ್ತದೆ, ಮುಂದಿನವು ಅವುಗಳನ್ನು ಹೆಚ್ಚಿಸಿ ಪ್ರತಿಕಾಯದ ಹಿಡಿತವನ್ನು ಬಲಪಡಿಸುತ್ತವೆ. ದಡಾರ ಲಸಿಕೆಗೆ 9 ತಿಂಗಳವರೆಗೆ ಕಾಯುವುದು ತಾಯಿಯಿಂದ ಬಂದ ಪ್ರತಿಕಾಯ ಅಷ್ಟರಲ್ಲಿ ಇಳಿಯಲೆಂದು. ಅದು ಹೆಚ್ಚಿರುವಾಗ ಕೊಟ್ಟರೆ ಮಗುವಿನ ಬಿ ಕೋಶಗಳನ್ನು ಲಸಿಕೆ ಚೆನ್ನಾಗಿ ತಲುಪುವುದಿಲ್ಲ. ಗರ್ಭಿಣಿಗೆ ಕೊಟ್ಟ ಧನುರ್ವಾಯು ಚುಚ್ಚುಮದ್ದಿನ ಪ್ರತಿಕಾಯ ಮಾಸಿನ ಮೂಲಕ ಕೂಸಿಗೂ ಸೇರುತ್ತದೆ. ಲಸಿಕೆಯ ಜೊತೆಗೆ ಶುಚಿಯಾದ ಹೆರಿಗೆಯೂ ಹೆಚ್ಚಿದ್ದರಿಂದ, ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿರ್ಮೂಲನೆ ಮಾಡಿದೆಯೆಂದು 2015ರಲ್ಲಿ ದೃಢಪಟ್ಟಿತು.

ಹಾವು ಕಡಿತದ ವಿಷಯ ಬೇರೆ. ಬಿ ಕೋಶಗಳು ಹೊಸ ಪ್ರತಿಕಾಯ ತಯಾರಿಸಲು ದಿನಗಳು ಬೇಕು. ವಿಷ ಕೊಲ್ಲಲು ಗಂಟೆಗಳು ಸಾಕು. ಹೀಗಾಗಿ ಬೇರೆ ಪ್ರಾಣಿಯ ಸಿದ್ಧ ಪ್ರತಿಕಾಯವೇ ಗತಿ. ಭಾರತದ ವಿಷನಿರೋಧಕ ಔಷಧವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷವನ್ನು ಸಣ್ಣ ಪ್ರಮಾಣದಲ್ಲಿ ಕುದುರೆಗೆ ಚುಚ್ಚಿ, ಅದರ ರಕ್ತದಿಂದ ತೆಗೆಯುತ್ತಾರೆ. ಕಚ್ಚಿಸಿಕೊಂಡವರನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕೆನ್ನುವುದು ಇದಕ್ಕಾಗಿಯೇ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯೊಡನೆ ಸೇರಿ, ನಾಗರಹಾವಿನ ಕುಟುಂಬದ ಹಲವು ಹಾವುಗಳಲ್ಲಿರುವ ಒಂದು ಬಗೆಯ ನರವಿಷವನ್ನು ತಡೆಯುವ ಮಾನವ ಮಾದರಿಯ ಪ್ರತಿಕಾಯವನ್ನು ಪ್ರಕಟಿಸಿತು. ಪ್ರಯೋಗಾಲಯದಲ್ಲಿ ರೂಪಿಸಿದ ಅಪಾರ ಸಂಖ್ಯೆಯ ಪ್ರತಿಕಾಯಗಳ ಸಂಗ್ರಹದಿಂದ ಅದನ್ನು ಆರಿಸಲಾಯಿತು. ಅದರ ಶಕ್ತಿಯನ್ನು ಪರೀಕ್ಷಿಸಿದ್ದು ಇಲಿಗಳಲ್ಲಿ. ಮೊದಲು ಲೆಕ್ಕವಿಲ್ಲದಷ್ಟು ಬಗೆ ಹುಟ್ಟಿಸುವುದು, ಆಮೇಲೆ ಕಠಿಣವಾಗಿ ಪರೀಕ್ಷಿಸಿ ತಕ್ಕದ್ದನ್ನು ಉಳಿಸಿಕೊಳ್ಳುವುದು: ಮಜ್ಜೆ ಅನುಸರಿಸುವ ಕ್ರಮ ಇದೇ. ರಕ್ಷಣೆ ರೋಗ ಬಂದ ದಿನ ಹುಟ್ಟುವಂಥದಲ್ಲ. ಅದಕ್ಕೆ ಬೇಕಾದ ಕೋಶಗಳನ್ನು ಮಜ್ಜೆ ಮೊದಲೇ ತಯಾರಿಸಿಟ್ಟಿರುತ್ತದೆ. ಅವುಗಳನ್ನು ಸಕಾಲದಲ್ಲಿ ಎಚ್ಚರಿಸುವುದು ಲಸಿಕೆ, ಆ ಲಸಿಕೆಯ ಎಲ್ಲ ಡೋಸುಗಳನ್ನೂ ಹೇಳಿದ ದಿನಕ್ಕೆ ಹಾಕಿಸುವುದು ಮನೆಯವರ ಹೊಣೆ.